ಅಜ್ಜನ ದನಿ ಮೊದಲು ಅಜ್ಜನಿಗೇ ಕೇಳಿಸಬೇಕು

ನಮ್ಮೂರಿನ ಎಂಬತ್ತು ದಾಟಿದವರು ಒಂದೇ ಮನೆಯಲ್ಲಿದ್ದು ಮೂರು ಜಿಲ್ಲೆ ಕಂಡವರು. ಹುಟ್ಟಿದ್ದು ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು, ಆಮೇಲೆ ಕಣ್ಣೂರು ಜಿಲ್ಲೆಗೆ ಸೇರಿತು. 1984ರ ಮೇ 24ಕ್ಕೆ ಕಾಸರಗೋಡೇ ಒಂದು ಜಿಲ್ಲೆಯಾಯಿತು. ಮನೆ ಅದೇ, ತೋಟ ಅದೇ. 1956ರಲ್ಲಿ ಇವರೆಲ್ಲ ಶಾಲೆಗೆ ಹೋಗುತ್ತಿದ್ದ ಮಕ್ಕಳು. ಇವರ ನಂತರ ಆ ದಿನಗಳನ್ನು ಕಂಡು ಹೇಳುವವರು ಯಾರೂ ಇರುವುದಿಲ್ಲ.

ನಾನು ಇಲ್ಲಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನ ಮಾಷ್ಟ್ರು. ಮಕ್ಕಳಿಂದ ಅವರ ಮನೆಯ ಹಿರಿಯರ ಮಾತು ರೆಕಾರ್ಡ್ ಮಾಡಿಸುವ ಕೆಲಸ ಶುರು ಮಾಡಿ ಕೆಲವು ವರ್ಷವಾಯಿತು.

ಮೊದಲ ವರ್ಷ ಹತ್ತು ಪ್ರಶ್ನೆ ಬರೆದು ಕೊಟ್ಟಿದ್ದೆ. 'ಭಾಷಾವಾರು ಪ್ರಾಂತ್ಯದ ಬಗ್ಗೆ ನಿಮ್ಮ ಅಭಿಪ್ರಾಯವೇನು' ಅಂತೆಲ್ಲ. ಅಜ್ಜಂದಿರು ಶಾಲು ಸರಿಮಾಡಿಕೊಂಡು, ವೇದಿಕೆಯಲ್ಲಿ ಮಾತಾಡಿದ ಹಾಗೆ ಪುಸ್ತಕದ ಕನ್ನಡದಲ್ಲಿ ನಾಲ್ಕು ನಿಮಿಷ ಮಾತಾಡಿ ನಿಲ್ಲಿಸಿದರು. ತಪ್ಪು ನನ್ನದೇ. ಅಭಿಪ್ರಾಯ ಕೇಳಿದರೆ ಅಭಿಪ್ರಾಯವೇ ಬರುತ್ತದೆ, ಬದುಕು ಬರುವುದಿಲ್ಲ.

ಮರುವರ್ಷ ಪ್ರಶ್ನೆ ಬದಲಾಯಿಸಿದೆ. ಸೇತುವೆ ಇಲ್ಲದಾಗ ಮಳೆಗಾಲದಲ್ಲಿ ಹೊಳೆ ಹೇಗೆ ದಾಟುತ್ತಿದ್ದಿರಿ? ಮಂಗಳೂರಿಗೆ ಹೋಗಿ ಬರಲು ಎಷ್ಟು ದಿನ? ಆಫೀಸಿನಿಂದ ಮಲಯಾಳದಲ್ಲಿ ಕಾಗದ ಬಂದಾಗ ಯಾರ ಹತ್ತಿರ ಓದಿಸುತ್ತಿದ್ದಿರಿ? ಇನ್ನೂ ಒಂದು ಮಾತು ಹೇಳಿದೆ: ಮನೆಯಲ್ಲಿ ಯಾವ ಭಾಷೆ ಆಡುತ್ತೀರೋ ಅದರಲ್ಲೇ ಕೇಳಿ. ನಮ್ಮ ಕ್ಲಾಸಿನಲ್ಲಿ ತುಳು, ಹವ್ಯಕ, ಮರಾಟಿ, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲ ಉಂಟು. ಮಾತು ಮನೆಯ ಭಾಷೆಯಲ್ಲಿ, ಅದರ ಸಾರ ಕನ್ನಡದಲ್ಲಿ. ಇಷ್ಟು ಮಾಡಿದ್ದೇ ತಡ, ನಾಲ್ಕು ನಿಮಿಷ ಇದ್ದದ್ದು ನಲವತ್ತು ನಿಮಿಷವಾಯಿತು.

ಕೈಗೆ ಕೆಲಸ ಇದ್ದರೆ ಬಾಯಿ ಬಿಚ್ಚುತ್ತದೆ ಅನ್ನುವುದು ಕಲಿಸಿದವಳು ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ. ಅಜ್ಜಿ ಜಗಲಿಯಲ್ಲಿ ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಕೂತು, ಬೈರಾಸು (ಟವೆಲ್) ಮಡಚಿ ಅದರ ಮೇಲೆ ಫೋನ್ ಇಟ್ಟಿದ್ದಳು. ಮೆಟ್ಟುಕತ್ತಿಗೆ ಅಡಿಕೆ ಒತ್ತುವ ಸದ್ದು, ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಸದ್ದು, ನಡುವೆ ಅಜ್ಜಿಯ ಮಾತು. ಕಡವಿನಲ್ಲಿ ದೋಣಿ ಮಗುಚಿದ ದಿನದ ವಿಷಯ ಬಂದಾಗ ಆ ಸದ್ದು ನಿಂತುಬಿಡುತ್ತದೆ. ಹನ್ನೊಂದು ಸೆಕೆಂಡು ಏನೂ ಇಲ್ಲ. ಹುಡುಗಿ ಬಾಯಿ ಹಾಕಲಿಲ್ಲ. ಆಮೇಲೆ ಮತ್ತೆ ಒಂದು ಅಡಿಕೆ, ಮತ್ತೆ ಮಾತು. ನಮ್ಮ ಶಾಲೆಯ ಐಟಿ ಕ್ಲಬ್ ಲಿಟಲ್ ಕೈಟ್ಸ್‌ನ ಮಕ್ಕಳು ಅಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ಎಡಿಟ್ ಮಾಡುವಾಗ ಆ ಖಾಲಿ ಜಾಗ ಕತ್ತರಿಸಲು ಹೊರಟಿದ್ದರು. ಬೇಡ ಅಂದೆ. ಈಗಲೂ ನಾವು ಹಿಂದೆ ಮುಂದೆ ಬಿಟ್ಟರೆ ನಡುವೆ ಏನೂ ಕತ್ತರಿಸುವುದಿಲ್ಲ.

ರೆಕಾರ್ಡ್ ಮಾಡಲು ದೊಡ್ಡ ಸಾಮಾನೇನೂ ಬೇಡ. ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ, ಫ್ಯಾನ್ ಆಫ್ ಆಗಿರಲಿ, ಬಾಯಿಯಿಂದ ಒಂದು ಮೊಳ ದೂರ ಸಾಕು. ತಗಡಿನ ಮಾಡಿನ ಕೆಳಗೆ ಮಳೆ ಬರುವಾಗ ಕೂರಬೇಡಿ. ಶುರುವಿನಲ್ಲೇ ತಾರೀಕು, ಊರು, ಯಾರು ಯಾರ ಹತ್ತಿರ ಮಾತಾಡುತ್ತಿದ್ದಾರೆ ಅಂತ ಮಗುವೇ ಹೇಳಲಿ. ಫೈಲ್ ಕಳಿಸುವಾಗ ವಾಟ್ಸಾಪಿನ ವಾಯ್ಸ್ ಮೆಸೇಜ್ ಮಾಡಬಾರದು, ಡಾಕ್ಯುಮೆಂಟ್ ಅಂತ ಕಳಿಸಬೇಕು. ಅದೇ ದಿನ ಎರಡು ಕಡೆ ಕಾಪಿ ಇರಬೇಕು. ಒಬ್ಬ ಹುಡುಗನ ಫೋನ್ ಹಾಳಾಗಿ ಅವನ ಅಜ್ಜನ ಮಾತು ಪೂರ್ತಿ ಹೋಯಿತು. ಇನ್ನೊಮ್ಮೆ ಮಾಡೋಣ ಅನ್ನುವಷ್ಟರಲ್ಲಿ ಅಜ್ಜ ತೀರಿಕೊಂಡರು. ಆ ಹುಡುಗನಿಗೆ ಏನು ಹೇಳುವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಎಲ್ಲಕ್ಕಿಂತ ಕಷ್ಟದ ಕೆಲಸ ಇಂಟರ್ನೆಟ್ಟಿಗೆ ಹಾಕುವುದು. ಬಟನ್ ಒತ್ತುವುದು ಸುಲಭ, ಅದಕ್ಕೆ ಮೊದಲಿನದ್ದು ಕಷ್ಟ. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಹೋಯಿತು. ಗೇಣಿ ಕೊಡುತ್ತಿದ್ದವರ ಮೊಮ್ಮಕ್ಕಳೂ ಪಡೆಯುತ್ತಿದ್ದವರ ಮೊಮ್ಮಕ್ಕಳೂ ನನ್ನ ಕ್ಲಾಸಿನಲ್ಲಿ ಒಂದೇ ಬೆಂಚಿನಲ್ಲಿದ್ದಾರೆ. ಒಬ್ಬರು ಅಜ್ಜ ಆ ಕಾಲದ ಕಥೆ ಹೇಳುತ್ತಾ ಒಂದು ಮನೆಯ ಹೆಸರು ಹಿಡಿದು ಮಾತಾಡಿದ್ದರು. ನಾನು ಗಮನಿಸದೆ ಹಾಕಿಬಿಟ್ಟೆ. ಮೂರನೇ ದಿನಕ್ಕೆ ಆ ಮನೆಯವರು ಬಂದರು. ಜಗಳ ಮಾಡಲಿಲ್ಲ, 'ನಮ್ಮ ಮಗು ಶಾಲೆಗೆ ಹೇಗೆ ಬರುವುದು ಮಾಷ್ಟ್ರೇ' ಅಂತ ಕೇಳಿದರು ಅಷ್ಟೆ. ಆ ಹೊತ್ತಿಗೇ ತೆಗೆದೆ, ಎರಡೂ ಮನೆಗೆ ಹೋಗಿ ಕ್ಷಮೆ ಕೇಳಿದೆ.

ಅಂದಿನಿಂದ ಅನುಮತಿ ಎರಡು ಸಲ. ಮಾತಿಗೆ ಕೂರುವ ಮುಂಚೆ ಒಮ್ಮೆ. ಆಮೇಲೆ ಇಡೀ ರೆಕಾರ್ಡಿಂಗ್ ಹೇಳಿದವರಿಗೇ ಕೇಳಿಸಿ ಇನ್ನೊಮ್ಮೆ. ಕೇಳಿದ ಮೇಲೆ ಮನಸ್ಸು ಬದಲಾಯಿಸುವವರು ಜಾಸ್ತಿ, ಅದು ಅವರ ಹಕ್ಕು. 'ಇದು ಮನೆಯಲ್ಲೇ ಇರಲಿ' ಅಂದರೆ ಪೆನ್‌ಡ್ರೈವಿನಲ್ಲಿ ಹಾಕಿ ಮನೆಗೆ ಕೊಡುತ್ತೇವೆ, ಅಲ್ಲಿಗೆ ಮುಗಿಯಿತು. ಒಪ್ಪಿದವರದ್ದನ್ನು ಇಂಟರ್ನೆಟ್ ಆರ್ಕೈವ್ ಅನ್ನುವ ವೆಬ್‌ಸೈಟಿಗೆ ಹಾಕುತ್ತೇವೆ. ಅಲ್ಲಿ ಖರ್ಚಿಲ್ಲ, ಮೂಲ ಫೈಲ್ ಹಾಗೇ ಉಳಿಯುತ್ತದೆ, ಲಿಂಕನ್ನು ಮುಂಬೈಯಲ್ಲಿರುವ ಮಾವನಿಗೂ ದುಬೈಯಲ್ಲಿರುವ ಅಕ್ಕನಿಗೂ ಕಳಿಸಬಹುದು. ಭಾಷೆಯ ಜಾಗದಲ್ಲಿ ತುಳು ಇದ್ದರೆ ತುಳು ಅಂತಲೇ ಬರೆಯಿರಿ, ಇಲ್ಲದಿದ್ದರೆ ಮುಂದೆ ಹುಡುಕುವವರಿಗೆ ಸಿಗುವುದಿಲ್ಲ. ಮಗುವಿನ ಫೋಟೋ, ಮನೆಯ ವಿಳಾಸ, ಫೋನ್ ನಂಬರ್ ಹಾಕಬೇಡಿ. ಮಕ್ಕಳ ದನಿಯೂ ಅದರಲ್ಲಿರುತ್ತದೆ, ಹಾಗಾಗಿ ಅವರ ಅಪ್ಪ ಅಮ್ಮನ ಒಪ್ಪಿಗೆ ಬರೆದು ತೆಗೆದುಕೊಳ್ಳುತ್ತೇವೆ.

ಕಳೆದ ವರ್ಷ ಹತ್ತನೇ ಕ್ಲಾಸಿನ ಒಬ್ಬ ಹುಡುಗ ತನ್ನ ಅಜ್ಜನ ಮಾತು ತಂದ. ಅಜ್ಜ ಸುರಂಗ ತೆಗೆಯುತ್ತಿದ್ದವರು. ನಮ್ಮ ಕಡೆ ಸುರಂಗ ಅಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ದಾರಿ. ಮುರಕಲ್ಲಿನೊಳಗೆ (ಜಂಬಿಟ್ಟಿಗೆ ಕಲ್ಲು) ಒಬ್ಬ ಹೋಗುವಷ್ಟೇ ಅಗಲ. ಪಿಕ್ಕಾಸಿನಲ್ಲಿ ಕಡಿಯುವುದು, ಮಣ್ಣು ಹೊರಗೆ ಸಾಗಿಸುವುದು. ಗೋಡೆಯ ಗೂಡಿನಲ್ಲಿಟ್ಟ ಮೊಂಬತ್ತಿ ಮಂಕಾದರೆ ಗಾಳಿ ಕಮ್ಮಿಯಾಯಿತು ಅಂತ ಲೆಕ್ಕ, ಆಗ ಹೊರಗೆ ಬರಬೇಕು. ಹುತ್ತ ನೋಡಿ, ಮರ ನೋಡಿ ಜಾಗ ಗುರುತು ಮಾಡುತ್ತಿದ್ದದ್ದು, ಕಲ್ಲಿನ ತಂಪು ಕೈಗೆ ಹತ್ತಿದಾಗ ನೀರು ಹತ್ತಿರ ಅಂತ ತಿಳಿಯುತ್ತಿದ್ದದ್ದು, ಎಲ್ಲ ತುಳುವಿನಲ್ಲಿ ಹೇಳಿದ್ದರು. 'ಇದರಲ್ಲಿ ಹೇಳಲಿಕ್ಕೆ ಏನುಂಟು ಮಾಷ್ಟ್ರೇ, ಹೊಟ್ಟೆಪಾಡು' ಅಂದವರು ಒಂದು ಗಂಟೆ ಹತ್ತು ನಿಮಿಷ ಮಾತಾಡಿದ್ದಾರೆ.

ಎರಡನೇ ಅನುಮತಿಗೆ ನಾನೂ ಹುಡುಗನ ಜೊತೆ ಹೋದೆ. ಅಜ್ಜ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದರು. ಅರ್ಧಕ್ಕೆ ಕೈ ಎತ್ತಿ ನಿಲ್ಲಿಸು ಅಂದರು. ಒಂದು ತೋಟದ ಸುರಂಗ ಅರವತ್ತು ಕೋಲು ಉದ್ದ ಅಂತ ಹೇಳಿದ್ದರು. ಕೋಲು ಅಂದರೆ ಸುಮಾರು ಎರಡೂವರೆ ಅಡಿ. 'ಅರವತ್ತಲ್ಲ, ಅರವತ್ತೆರಡು. ಕೊನೆಯ ಎರಡು ಕೋಲು ತಮ್ಮ ಕಡಿದದ್ದು. ನನಗೆ ಆ ದಿವಸ ಜ್ವರ.' ತಮ್ಮ ಈಗ ಇಲ್ಲ. ಅಳಿಸಿ ಸರಿಮಾಡುವುದಾ ಅಂತ ಹುಡುಗ ನನ್ನ ಮುಖ ನೋಡಿದ. ಅಳಿಸಲಿಲ್ಲ. ಫೋನ್ ಮತ್ತೆ ಬೈರಾಸಿನ ಮೇಲೆ ಇಟ್ಟು, ತಮ್ಮನ ಹೆಸರು ಹಿಡಿದು ಆ ಎರಡು ಕೋಲಿನ ಲೆಕ್ಕವನ್ನು ಅಜ್ಜನ ಬಾಯಲ್ಲೇ ಹೇಳಿಸಿ, ರೆಕಾರ್ಡಿಂಗಿನ ಕೊನೆಗೆ ಸೇರಿಸಿದೆವು.