ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು

ಮೂವತ್ತೆರಡು ವರ್ಷ ಕೊಡಗಿನ ಸಿದ್ದಾಪುರದ ಬಳಿಯ ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಲೈನ್ ಮನೆಗಳ ಮುಂದೆ ನಿಂತು ಆಳುಗಳ ಹಾಜರಿ ಬರೆಯುವುದು ದಿನದ ಮೊದಲ ಕೆಲಸ. ಆ ಪುಸ್ತಕದಲ್ಲಿ ಎಲ್ಲರ ಹೆಸರೂ ಇರುತ್ತಿತ್ತು, ಬರೆಯುವ ನನ್ನದೊಂದನ್ನು ಬಿಟ್ಟು. ವಿದ್ಯಾರಣ್ಯರ ಪಂಚದಶಿ ಎಂಬ ವೇದಾಂತ ಗ್ರಂಥದಲ್ಲಿ ಹತ್ತನೆಯವನ ಕಥೆ ಓದಿದಾಗ ಮೈ ಜುಮ್ಮೆಂದದ್ದು ಅದಕ್ಕೇ. ಹೊಳೆ ದಾಟಿದ ಹತ್ತು ಮಂದಿಯಲ್ಲಿ ಎಣಿಸುವವನು ತನ್ನನ್ನು ಬಿಟ್ಟು ಒಂಬತ್ತು ಎಣಿಸಿ, ಒಬ್ಬ ಮುಳುಗಿಹೋದನೆಂದು ಅಳುತ್ತಾನೆ. ದಾರಿಹೋಕನೊಬ್ಬ ‘ಹತ್ತನೆಯವನು ಇದ್ದಾನೆ’ ಎನ್ನುತ್ತಾನೆ. ಆಮೇಲೆ ‘ಅವನು ನೀನೇ’ ಎನ್ನುತ್ತಾನೆ. ಮೊದಲ ಮಾತಿನಿಂದ ಹುಟ್ಟುವುದು ಪರೋಕ್ಷ ಜ್ಞಾನ, ಅಂದರೆ ಕೇಳಿ ನಂಬಿದ ತಿಳಿವು; ಎರಡನೆಯದರಿಂದ ಅಪರೋಕ್ಷ ಜ್ಞಾನ, ಅಂದರೆ ತಾನೇ ನೇರವಾಗಿ ಕಂಡ ತಿಳಿವು.

ಭಾಗಮಂಡಲದ ಸಂಗಮದಲ್ಲಿ ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತವೆ. ಸುಜ್ಯೋತಿ ನೆಲದಡಿಯಲ್ಲಿ ಬಂದು ಸೇರುತ್ತಾಳೆ ಎಂದು ಹಿರಿಯರು ಹೇಳಿದ್ದನ್ನು ನಂಬಿ ಮುಳುಗು ಹಾಕುತ್ತೇವೆ. ‘ಬ್ರಹ್ಮವಿದೆ’, ಅಂದರೆ ಎಲ್ಲಕ್ಕೂ ಆಧಾರವಾದ ಅರಿವೊಂದಿದೆ, ಎಂಬ ನಮ್ಮ ತಿಳಿವು ಬಹುಪಾಲು ಸುಜ್ಯೋತಿಯ ಹಾಗೆಯೇ. ಅದನ್ನು ಹೀಗಳೆಯಬೇಡಿ, ದಾರಿಹೋಕನ ಮೊದಲ ಮಾತೇ ಅಳುವನ್ನು ಅರ್ಧ ನಿಲ್ಲಿಸುತ್ತದೆ. ಆದರೆ ಅಲ್ಲೇ ಕೂತುಬಿಡಬೇಡಿ.

ಮೊದಲು ನಿಮ್ಮ ಅಡ್ಡಿ ಯಾವುದೆಂದು ಗುರುತಿಸಿಕೊಳ್ಳಿ. ಶಾಸ್ತ್ರ ಎರಡನ್ನು ಹೇಳುತ್ತದೆ: ಸಂಶಯ ಮತ್ತು ವಿಪರೀತ ಭಾವನೆ, ಅಂದರೆ ತಿಳಿದ ಮೇಲೂ ‘ದೇಹವೇ ನಾನು’ ಎಂದು ಉಳಿದುಬಿಡುವ ಹಳೆಯ ರೂಢಿ. ಒಂದು ಹಾಳೆಯಲ್ಲಿ ‘ನಾನು ದೇಹವಲ್ಲ’ ಎಂದು ಬರೆದು ಸುಮ್ಮನೆ ನೋಡಿ. ‘ದೇಹ ಸತ್ತರೆ ನಾನೆಲ್ಲಿ?’ ಎಂಬಂಥ ಪ್ರಶ್ನೆ ಎದ್ದರೆ ಅದು ಸಂಶಯ. ಅದಕ್ಕೆ ಮದ್ದು ಮನನ, ಅಂದರೆ ಕೇಳಿದ್ದನ್ನು ವಿಚಾರಮಾಡಿ ತೂಗಿ ನೋಡುವುದು. ಮೊಣಕಾಲು ನೋಯುತ್ತಿದ್ದರೆ ಅಲ್ಲಿಂದಲೇ ಹಿಡಿಯಿರಿ. ನೋವು ತಿಳಿಯುತ್ತಿದೆ, ಕಾಲೂ ತಿಳಿಯುತ್ತಿದೆ, ‘ಅಯ್ಯೋ’ ಎನ್ನುವ ಮನಸ್ಸೂ ತಿಳಿಯುತ್ತಿದೆ. ತಿಳಿಯಲ್ಪಡುವುದು ತಿಳಿಯುವವನಾಗುವುದು ಹೇಗೆ? ಪ್ರಶ್ನೆ ತೀರುವ ತನಕ ಬಿಡಬೇಡಿ, ತಿಳಿದವರನ್ನು ಕೇಳಿ.

ಪ್ರಶ್ನೆಗಳೆಲ್ಲ ಮುಗಿದಿದ್ದೂ ಯಾರೋ ಒಂದು ಮಾತಂದರೆ ಹೊಟ್ಟೆ ಉರಿಯುತ್ತದೆಯೇ? ಹಾಗಾದರೆ ನಿಮ್ಮದು ನನ್ನ ಕಾಯಿಲೆ. ಒಂದು ವರ್ಷ ಕಣದ ಲೆಕ್ಕದಲ್ಲಿ ಏಳು ಚೀಲ ಕಡಿಮೆ ಬಂತು. ಆಳುಗಳ ಎದುರಿಗೇ ಸಾಹುಕಾರರು ನನ್ನನ್ನು ಕಳ್ಳ ಎಂದರು. ಎಲ್ಲವನ್ನೂ ಸುಮ್ಮನೆ ನೋಡುವ ಅರಿವೇ ನಾನು ಎಂಬ ಸಾಕ್ಷಿಯ ವಿಚಾರವನ್ನು ಅಷ್ಟು ಹೊತ್ತಿಗೆ ಹನ್ನೊಂದು ವರ್ಷ ಓದಿದ್ದೆ, ಒಂದು ವಾಕ್ಯದ ಮೇಲೂ ಅನುಮಾನವಿರಲಿಲ್ಲ. ಆದರೂ ಮೂರು ರಾತ್ರಿ ನಿದ್ದೆ ಬರಲಿಲ್ಲ. ಲೆಕ್ಕ ಆಮೇಲೆ ಸರಿಹೋಯಿತು, ಉರಿ ಹೋಗಲಿಲ್ಲ. ಆಗ ಇನ್ನೊಂದು ಪುಸ್ತಕ ಓದಲು ಹೊರಟೆ. ಅದೇ ತಪ್ಪು. ವಿಪರೀತ ಭಾವನೆಗೆ ಬೇಕಾದ್ದು ಹೊಸ ವಾದವಲ್ಲ, ನಿದಿಧ್ಯಾಸನ, ಅಂದರೆ ತಿಳಿದದ್ದರಲ್ಲೇ ಮನಸ್ಸನ್ನು ಮತ್ತೆ ಮತ್ತೆ ನಿಲ್ಲಿಸುವುದು.

ಅದನ್ನು ಹೀಗೆ ಮಾಡಿ. 1902ರ ಸುಮಾರಿಗೆ ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳು ತಮ್ಮನ್ನು ಕೇಳಲು ಬಂದವರಿಗೆ ಕೊಟ್ಟ ಉಪಾಯ ಇದು. ‘ನನ್ನನ್ನು ಕಳ್ಳ ಎಂದರು’ ಎಂಬ ಯೋಚನೆ ಎದ್ದ ಕೂಡಲೇ ‘ಇದು ಯಾರಿಗೆ?’ ಎಂದು ಕೇಳಿಕೊಳ್ಳಿ. ‘ನನಗೆ’ ಎಂದು ಬರುತ್ತದೆ. ‘ಆ ನಾನು ಯಾರು?’ ಇಲ್ಲಿ ಬಾಯಿ ಮುಚ್ಚಿಕೊಳ್ಳಿ. ‘ನಾನು ಬ್ರಹ್ಮ’ ಎಂದು ನಾನು ತಕ್ಷಣ ಉತ್ತರ ಕೊಡುತ್ತಿದ್ದೆ. ಆ ಉತ್ತರವೂ ಇನ್ನೊಂದು ಯೋಚನೆಯೇ ಎಂದು ಹೊಳೆಯಲು ವರ್ಷಗಳೇ ಹಿಡಿದವು. ಉತ್ತರ ಕೊಡದೆ, ಕೇಳಿದವನ ಕಡೆಗೇ ತಿರುಗಿ ನಿಲ್ಲಿ. ಕಣ್ಣು ಮುಚ್ಚಿ ಕೂತಾಗ ಮಾತ್ರವಲ್ಲ, ಹಣ್ಣು ತೂಗುವಾಗ, ಬಸ್ಸಿಗೆ ಕಾಯುವಾಗ, ಮುಖ್ಯವಾಗಿ ಬೈಸಿಕೊಳ್ಳುವಾಗ.

ಅನುಭವಕ್ಕಾಗಿ ಕಾಯಬೇಡಿ. ತಲಕಾವೇರಿಯಿಂದ ಬ್ರಹ್ಮಗಿರಿ ಹತ್ತಿ ಮಂಜಿನಲ್ಲಿ ನಿಂತಾಗ ‘ನಾನು’ ಕರಗಿಹೋದಂತೆ ನನಗೂ ಆಗಿದೆ. ಮೆಟ್ಟಿಲಿಳಿಯುವಷ್ಟರಲ್ಲಿ ಅದು ಹೋಯಿತು. ಬಂದು ಹೋದದ್ದು ನೀವಲ್ಲ. ಅದು ಬಂದದ್ದನ್ನೂ ಹೋದದ್ದನ್ನೂ ಅರಿತ ಅರಿವು ಎಲ್ಲಿಗೂ ಹೋಗಿರಲಿಲ್ಲ. ‘ಪ್ರತಿಬೋಧವಿದಿತಂ’ ಎಂದು ಕೇನೋಪನಿಷತ್ತು ಹೇಳುವುದು ಇದನ್ನೇ: ಒಂದೊಂದು ತಿಳಿವಿನಲ್ಲೂ ಅದು ತಿಳಿದೇ ಇದೆ.

ಈಗ ಮೊಬೈಲಿನಲ್ಲಿ ‘ಮಾಡುವವನೇ ಇಲ್ಲ, ಮಾಡಬೇಕಾದ್ದೂ ಇಲ್ಲ’ ಎಂಬ ಉಪದೇಶ ಬೇಕಾದಷ್ಟು ಸಿಗುತ್ತದೆ. ಕೊನೆಯ ಮಾತಾಗಿ ಅದು ಸರಿ. ಮೊದಲ ಪಾಠವಾದರೆ ಅಪಾಯ. ನನ್ನ ಪರಿಚಯದ ಹುಡುಗನೊಬ್ಬ ಕೂಲಿ ಬಾಕಿ ಕೇಳಿದ ಆಳಿಗೆ ‘ಎಲ್ಲವೂ ತಾನಾಗಿ ನಡೆಯುತ್ತದೆ’ ಎಂದ. ನನಗೆ ಸಿಟ್ಟು ಬಂತು, ಹೇಳಿಯೂ ಬಿಟ್ಟೆ: ‘ಮೊದಲು ದುಡ್ಡು ಕೊಡಪ್ಪ, ವೇದಾಂತ ಆಮೇಲೆ ಮಾತಾಡೋಣ.’ ಶಮ, ದಮಗಳನ್ನು, ಅಂದರೆ ಮನಸ್ಸು ಮತ್ತು ಇಂದ್ರಿಯಗಳ ಹಿಡಿತವನ್ನು, ಶಂಕರರು ವಿಚಾರಕ್ಕೆ ಮುಂಚೆಯೇ ಇಟ್ಟದ್ದು ಸುಮ್ಮನೆ ಅಲ್ಲ.

ಹೋದ ತಿಂಗಳು ಗೋಣಿಕೊಪ್ಪದ ಸಂತೆಯಲ್ಲಿ ಆ ಸಾಹುಕಾರರು ಎದುರಾದರು. ಎದೆ ಬಿಗಿಯಿತು; ಬಿಗಿದದ್ದೂ ಕಂಡಿತು, ಸಡಿಲವಾದದ್ದೂ ಕಂಡಿತು. ಮೊಣಕಾಲು ಹೇಗಿದೆ ಎಂದು ಕೇಳಿದರು. ಹೇಳಿದೆ. ಇಬ್ಬರೂ ನಿಂತು ಕಾಫಿ ಕುಡಿದೆವು.