ಫಾರಿನ್ ಕೀ ಇದ್ದರೂ ಎಸ್‌ಕ್ಯೂಲೈಟ್ ತಪ್ಪು ರಸೀದಿಗಳನ್ನು ತಡೆಯದಿದ್ದಾಗ

ಗೋಣಿಕೊಪ್ಪಲಿನ ಒಂದು ಕಾಫಿ ಖರೀದಿ ಗೋದಾಮಿನ ಲೆಕ್ಕವನ್ನು ಎಸ್‌ಕ್ಯೂಲೈಟ್‌ನಲ್ಲಿ (ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿ ಇಡುವ ತಂತ್ರಾಂಶ) ಇಟ್ಟಿದ್ದೇನೆ. 50 ಕಿಲೋ ಚೀಲಗಳ ಒಟ್ಟು ಸಂಖ್ಯೆಗೂ ಬೆಳೆಗಾರವಾರು ಪಟ್ಟಿಯ ಮೊತ್ತಕ್ಕೂ ತಾಳೆಯಾಗುತ್ತಿರಲಿಲ್ಲ. ಹುಡುಕಿದಾಗ, ರೋಬಸ್ಟಾ ಚೆರಿಯ ಕೆಲವು ರಸೀದಿಗಳಲ್ಲಿದ್ದ ಬೆಳೆಗಾರ ಸಂಖ್ಯೆ ‘ಬೆಳೆಗಾರ’ ಕೋಷ್ಟಕದಲ್ಲಿ ಇರಲೇ ಇಲ್ಲ.

ನಮೂದು ಫಾರಂನಲ್ಲಿ ತಪಾಸಣೆ ಸೇರಿಸಿದೆ, ಆದರೆ ಎಕ್ಸೆಲ್‌ನಿಂದ ತುಂಬಿದ ಸಾಲುಗಳು ಫಾರಂ ದಾಟಿಯೇ ಒಳಬಂದವು. ಫಾರಿನ್ ಕೀ, ಅಂದರೆ ರಸೀದಿಯ ಬೆಳೆಗಾರ ಸಂಖ್ಯೆ ‘ಬೆಳೆಗಾರ’ ಕೋಷ್ಟಕದಲ್ಲಿ ಇರಲೇಬೇಕೆಂಬ ನಿರ್ಬಂಧದ ಸಹಿತ ‘ರಸೀದಿ’ ಕೋಷ್ಟಕವನ್ನು ಹೊಸದಾಗಿ ರಚಿಸಿದರೂ ಫಲವಾಗಲಿಲ್ಲ.

ಎಸ್‌ಕ್ಯೂಲೈಟ್ ಈ ನಿರ್ಬಂಧವನ್ನು 2009ರ 3.6.19 ಆವೃತ್ತಿಯಿಂದ ಜಾರಿಗೊಳಿಸಬಲ್ಲದಾದರೂ, ಹಳೆಯ ತಂತ್ರಾಂಶಗಳಿಗೆ ತೊಡಕಾಗದಿರಲೆಂದು ಅದನ್ನು ಮೊದಲಿಗೆ ಆಫ್ ಇಟ್ಟಿರುತ್ತದೆ. ಆನ್ ಮಾಡಿದರೂ ಅದು ಫೈಲಿನಲ್ಲಿ ಉಳಿಯದೆ ಆ ಒಂದು ಸಂಪರ್ಕಕ್ಕೆ (ಪ್ರೋಗ್ರಾಂ ಡೇಟಾಬೇಸನ್ನು ತೆರೆದ ಆ ಸಲಕ್ಕೆ) ಮಾತ್ರ ಅನ್ವಯಿಸುತ್ತದೆ. ನನ್ನ ಎಕ್ಸೆಲ್ ಸ್ಕ್ರಿಪ್ಟ್ ಬೇರೆಯೇ ಸಂಪರ್ಕ ತೆರೆಯುತ್ತಿತ್ತು.

ಮೊದಲು ಫೈಲಿನ ಪ್ರತಿ ತೆಗೆದಿಟ್ಟು, ‘ಪ್ರಾಗ್ಮಾ ಫಾರಿನ್_ಕೀ_ಚೆಕ್’ ಓಡಿಸಿದೆ (ಪ್ರಾಗ್ಮಾ ಎಂದರೆ ಎಸ್‌ಕ್ಯೂಲೈಟ್‌ನ ಸೆಟ್ಟಿಂಗ್ ಬದಲಿಸುವ ಅಥವಾ ಸ್ಥಿತಿ ಕೇಳುವ ಆದೇಶ). ಅದು ತಪ್ಪಿರುವ ಕೋಷ್ಟಕ, ಸಾಲಿನ ಸಂಖ್ಯೆ, ಮೂಲ ಕೋಷ್ಟಕ ಎಲ್ಲವನ್ನೂ ತೋರಿಸುತ್ತದೆ. ಆ ಸಾಲುಗಳನ್ನು ಕಾಗದದ ರಸೀದಿ ನೋಡಿ ತಿದ್ದಬೇಕು, ಅಳಿಸಬಾರದು; ನಿರ್ಬಂಧವನ್ನು ಆನ್ ಮಾಡಿದ ಮಾತ್ರಕ್ಕೆ ಹಳೆಯ ತಪ್ಪುಗಳು ಸಿಕ್ಕಿಬೀಳುವುದಿಲ್ಲ. ಬಳಿಕ, ಪ್ರತಿ ಸಂಪರ್ಕ ತೆರೆದೊಡನೆ ಮೊದಲ ಆದೇಶವಾಗಿ ‘ಪ್ರಾಗ್ಮಾ ಫಾರಿನ್_ಕೀಸ್ = ಆನ್’ ಬರೆದೆ. ಇದು ಟ್ರಾನ್ಸಾಕ್ಷನ್ (ಒಟ್ಟಿಗೆ ಉಳಿಯುವ ಅಥವಾ ಒಟ್ಟಿಗೆ ರದ್ದಾಗುವ ಬದಲಾವಣೆಗಳ ಗುಂಪು) ಆರಂಭಿಸುವ ‘ಬಿಗಿನ್’ಗಿಂತ ಮೊದಲೇ ಇರಬೇಕು, ಏಕೆಂದರೆ ಅದರ ಒಳಗೆ ಕೊಟ್ಟರೆ ಯಾವ ದೋಷವನ್ನೂ ತೋರಿಸದೆ ಅದು ನಿಷ್ಫಲವಾಗುತ್ತದೆ. ‘= ಆನ್’ ಭಾಗವನ್ನು ಬಿಟ್ಟು ‘ಪ್ರಾಗ್ಮಾ ಫಾರಿನ್_ಕೀಸ್’ ಎಂದಷ್ಟೇ ಕೇಳಿ, ಉತ್ತರ 1 (ಅಂದರೆ ಆನ್) ಬಂದರೆ ಮಾತ್ರ ಸ್ಕ್ರಿಪ್ಟ್ ಮುಂದುವರಿಯುವಂತೆ ಮಾಡಿದೆ. ಈಗ ರಸೀದಿ ಇರುವ ಬೆಳೆಗಾರರನ್ನು ಅಳಿಸಲು ಹೋದರೆ ‘ಫಾರಿನ್ ಕೀ ಕನ್ಸ್ಟ್ರೈಂಟ್ ಫೇಲ್ಡ್’ ಎಂದು ಡೇಟಾಬೇಸೇ ತಡೆಯುತ್ತದೆ.