ಹಳೆ ಪಿಕಪ್ಪಿನ ಅಡಿಯಲ್ಲಿ ಸ್ಟೆಪ್ನಿ ಅಲುಗಾಡದಂತೆ ಕೂರಿಸಿದ್ದು

ನಮ್ಮ ಹಳೆ ಪಿಕಪ್ಪಿಗೆ ಬಾಡಿ ಕೆಳಗೆ ಚೈನ್ ಇರುವ ಸ್ಟೆಪ್ನಿ ಕ್ಯಾರಿಯರ್ ಹಾಕಿದ ಮೇಲೆ, ಹಂಪ್ ದಾಟಿದಾಗೆಲ್ಲ ಹಿಂದೆ ಧಡ್ ಧಡ್ ಸದ್ದು. ಟೈರ್ ಒಂದು ಕಡೆ ವಾಲುತ್ತಿತ್ತು, ಚೈನ್ ಸಡಿಲವಾಗುತ್ತಿತ್ತು.

ಚೈನ್ ಇನ್ನೂ ಬಿಗಿ ಮಾಡಿದರೆ ಸ್ವಲ್ಪ ದಿನ ಸರಿ, ಮತ್ತೆ ಅದೇ ಕಥೆ. ನಡುವೆ ಸಿಕ್ಕಿಸಿದ ರಬ್ಬರ್ ತುಂಡು ಉದುರಿ ಹೋಯಿತು. ನೈಲಾನ್ ಹಗ್ಗ ಬೇಡವೇ ಬೇಡ, ಪಕ್ಕದಲ್ಲೇ ಸೈಲೆನ್ಸರ್ ಪೈಪ್ ಇದೆ.

ಸರಿಹೋದದ್ದು ಬಿಗಿ ಮಾಡುವ ಕ್ರಮ ಬದಲಿಸಿದಾಗ. ಮೊದಲು ಕ್ರಾಸ್ ಮೆಂಬರಿನ (ಕ್ಯಾರಿಯರ್ ಬೋಲ್ಟ್ ಆಗುವ ಚಾಸಿಯ ಅಡ್ಡ ಪಟ್ಟಿ) ತೂತುಗಳ ಸುತ್ತ ವೈರ್ ಬ್ರಷ್ ಹಾಕಿ, ಕಬ್ಬಿಣ ಹೊಳೆಯುವವರೆಗೆ ಉಜ್ಜಿ. ತುಕ್ಕಿನ ಪದರದ ಮೇಲೆ ಬಿಗಿ ಮಾಡಿದರೆ ಅದು ಪುಡಿಯಾದಂತೆ ಬೋಲ್ಟ್ ಸಡಿಲ ಆಗುತ್ತದೆ. ಜಾಸ್ತಿ ಜನ ಇದನ್ನೇ ಬಿಡುವುದು. ಕ್ಯಾರಿಯರ್ ಪ್ಲೇಟ್ ಸ್ವಲ್ಪ ಸರಿದಾಡುವಷ್ಟು ಬೋಲ್ಟ್‌ಗಳನ್ನು ಸಡಿಲ ಬಿಡಿ. ಚೈನಿನ ತಿರುಚು ಬಿಡಿಸಿ. ಚೈನಿನ ತುದಿಯ ತಟ್ಟೆ ಸ್ಟೆಪ್ನಿ ಡಿಸ್ಕಿನ (ಟೈರಿನ ಕಬ್ಬಿಣದ ಚಕ್ರ) ನಡು ತೂತಿಗೆ ಸಮನಾಗಿ ಕೂತಿದೆಯಾ ಅಂತ ಸುತ್ತಲೂ ಬೆರಳಾಡಿಸಿ ನೋಡಿ. ಜಾಕ್ ಮೇಲೆ ಹಲಗೆ ಇಟ್ಟು ಟೈರ್ ಎತ್ತಿ, ಎರಡೂ ಬ್ರಾಕೆಟ್‌ಗೆ ಒಂದೇ ಸಮ ತಾಗಲಿ. ಆಮೇಲೆ ಚೈನ್ ಸುತ್ತಿ. ಕ್ಯಾರಿಯರ್ ತಾನಾಗಿಯೇ ನಡುವಿಗೆ ಸರಿಯುತ್ತದೆ. ಪಕ್ಕದಿಂದ ಸ್ಪ್ಯಾನರ್ ತೂರಿಸಿ ಬೋಲ್ಟ್ ಹಿಡಿಸಿ. ನಂತರ ಟೈರ್ ಇಳಿಸಿ, 10 ಮಿ.ಮೀ. 8.8 ಗ್ರೇಡ್ (ತಲೆ ಮೇಲೆ ಬರೆದಿರುವ ಗಟ್ಟಿತನದ ಗುರುತು) ಬೋಲ್ಟ್‌ಗಳನ್ನು ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವ ನಟ್) ಜೊತೆ 45 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ, ಟೈರ್ ಮತ್ತೆ ಏರಿಸಿ. 100 ಕಿ.ಮೀ. ಓಡಿದ ಮೇಲೆ ಚೈನನ್ನು ಇನ್ನೊಮ್ಮೆ ಬಿಗಿ ನೋಡಿ.